ಚಾಸಿಗೆ ತೂತು ಹೊಡೆಯಬೇಡಿ

ಕಳೆದ ಶ್ರಾವಣದಲ್ಲಿ ನನ್ನ ತಮ್ಮ ಫೋನು ಮಾಡಿ, "ಅಕ್ಕಾ, ಊರ ಮಕ್ಕಳಿಗೆಲ್ಲಾ ಪಾಠಾ ಹೇಳ್ತಿ, ನಮ್ಮವಗೂ ಒಂದೀಟು ಬುದ್ಧಿ ಹೇಳು ಬಾ" ಎಂದ. ಅವನ ಮಗನದು ಎಸ್‌ಎಸ್‌ಎಲ್‌ಸಿ ವರ್ಷ. ಹುಡುಗ ಓದುವುದು ಬಿಟ್ಟು ಆಟದ ಗಾಡಿಯೊಂದನ್ನು ಬಿಚ್ಚಿಕೊಂಡು ಕೂಡುತ್ತಾನೆಂಬುದು ದೂರು. ತಮ್ಮ ಬ್ಯಾಂಕಿನಲ್ಲಿ ಅಧಿಕಾರಿ. ನಾನು ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿರುವವಳು. ಬುದ್ಧಿ ಹೇಳುವುದು ನಮ್ಮಂಥವರಿಗೆ ಉಸಿರಾಟದಷ್ಟು ಸಲೀಸು. ಒಂದು ರವಿವಾರ ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಹುಡುಗ ಹಿತ್ತಲಿನ ಕಟ್ಟೆಯ ಮೇಲಿದ್ದ. ಅವನ ಮುಂದೆ ಒಂದು ಮೊಳಕ್ಕಿಂತ ಸ್ವಲ್ಪ ಗಿಡ್ಡನೆಯ, ಮೈಯಿಲ್ಲದ ಗಾಡಿ. ನಾಲ್ಕು ಗಾಲಿ, ಸ್ಪ್ರಿಂಗು, ಮೋಟಾರು, ಬ್ಯಾಟರಿ, ಅಷ್ಟೆ. ಕೈಯಲ್ಲಿನ ರೇಡಿಯೋ ಪೆಟ್ಟಿಗೆಯಿಂದ ಓಡಿಸುವಂಥದು. ಜಪಾನಿನ ತಮಿಯಾ ಕಂಪನಿಯದಂತೆ. ಆ ಕಂಪನಿ 1976ರಲ್ಲಿ ತನ್ನ ಮೊದಲ ರೇಡಿಯೋ ಕಾರನ್ನು ಮಾರಿದಾಗಲೂ ಅದು ಬಿಡಿಭಾಗಗಳ ಪೆಟ್ಟಿಗೆಯೇ ಆಗಿತ್ತು; ಕೊಂಡವನೇ ಕೂಡಿಸಿಕೊಳ್ಳಬೇಕು. ಇವನಿಗೆ ಸಿಕ್ಕದ್ದು ಯಾರೋ ಓಡಿಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಮಾಲು. ಅದರ ಮೂಲ ಪಜೆರೋ ಬಾಡಿ ಒಡೆದು ಹೋಗಿತ್ತು. ಅದಕ್ಕೆ ಮಾರುತಿ ಜಿಪ್ಸಿಯ ಬಾಡಿ ಕೂಡಿಸಬೇಕೆಂದು ಹುಡುಗನ ಹಟ. 1985ರಲ್ಲಿ ಬಂದು ಈಗ ತಯಾರಿಕೆ ನಿಂತಿರುವ ಆ ಜಿಪ್ಸಿಯನ್ನು ಪೊಲೀಸ್ ಠಾಣೆಗಳ ಮುಂದೆ ನೀವೂ ನೋಡಿದ್ದೀರಿ.

"ಇದರಾಗೇನು ಕಲೀತಿ?" ಎಂದು ಅಕ್ಕೋರ ದನಿಯಲ್ಲೇ ಕೇಳಿದೆ. ಅವನು ಉತ್ತರ ಕೊಡಲಿಲ್ಲ, ನೋಟ್‌ಬುಕ್ ಕೊಟ್ಟ.

ಜಿಪ್ಸಿಯ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 2375 ಮಿ.ಮೀ. ಹತ್ತರಲ್ಲೊಂದು ಪಾಲು ಮಾಡಿದರೆ 237.5. ಆದರೆ ಚಾಸಿಯ ಅಳತೆ 242. ನಾಲ್ಕೂವರೆ ಮಿಲಿಮೀಟರು ಎಲ್ಲಿಗೆ ಹೋಗಬೇಕು? ಅದಕ್ಕೆ ಅವನು ಪ್ರಮಾಣವನ್ನೇ ಬದಲಿಸಿ 9.8ರಲ್ಲೊಂದು ಎಂದು ಹಿಡಿದಿದ್ದ. ಆಗ ಗಾಲಿ ಸರಿಹೋಯಿತು, ಅಗಲ ಕೆಟ್ಟಿತು. ಜಿಪ್ಸಿಯ ಅಗಲ 1540 ಮಿ.ಮೀ.; ಆ ಲೆಕ್ಕದಲ್ಲಿ ಬಾಡಿ 157 ಮಿ.ಮೀ. ಬಂತು. ಚಾಸಿಯ ಟೈರುಗಳ ಹೊರ ಅಂಚು ಸುಮಾರು 180. ಅಗಲಕ್ಕೆ ಹೊಂದುವಂತೆ ಬಾಡಿ ಹಿಗ್ಗಿಸಿದರೆ ಗಾಲಿಯ ಅಂತರ 277 ಆಗಬೇಕು. ಆಗ ಗಾಲಿಯೊಂದು ಕಡೆ, ಅದರ ಕಮಾನೊಂದು ಕಡೆ. ಎರಡೂ ಏಕಕಾಲಕ್ಕೆ ಕೂಡಿ ಬರುವುದಿಲ್ಲ. ಕಡೆಗೆ ಉದ್ದವನ್ನು ಉಳಿಸಿಕೊಂಡು, ಪ್ರತಿ ಕಮಾನಿಗೂ 12 ಮಿ.ಮೀ. ಅಗಲದ ಅಂಚು ಅಂಟಿಸಿ ಟೈರನ್ನು ಮುಚ್ಚುವುದೆಂದು ತೀರ್ಮಾನಿಸಿದ್ದ. ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಬಿಡಬಾರದು ಎಂಬ ಈ ವಿವೇಕ ನಮ್ಮ ಯಾವ ಪ್ರಶ್ನೆಪತ್ರಿಕೆಯಲ್ಲಿದೆ, ಹೇಳಿ.

ಇಲ್ಲಿಗೆ ಮುಗಿಯಲಿಲ್ಲ. ಮೊದಲ ಸಲ ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ ಬಾಡಿ ತಂದು ಹೊರಗಿನಿಂದ ಬಣ್ಣ ಬಳಿದು ಕೆಡಿಸಿದ್ದ. ಕಲ್ಲಿಗೆ ತಾಗಿ ಎರಡೇ ದಿನಕ್ಕೆ ಬಣ್ಣ ಎದ್ದಿತು. ಅಂಥ ಬಾಡಿಗೆ ಬಣ್ಣ ಒಳಗಿನಿಂದ ಬಳಿಯಬೇಕು, ಅದೂ ತಿರುವುಮುರುವಾಗಿ: ಮೇಲೆ ಕಾಣಬೇಕಾದ ಗೆರೆ, ಅಕ್ಷರಗಳು ಮೊದಲು, ಮೈಬಣ್ಣ ಆಮೇಲೆ. ಈ ಸಲ 3 ಮಿ.ಮೀ. ಸನ್‌ಬೋರ್ಡ್ ಹಾಳೆ ತಂದು ತಾನೇ ಕೊಯ್ದು ಅಂಟಿಸುತ್ತಿದ್ದ. ಜಿಪ್ಸಿಯ ಮೈ ಪೆಟ್ಟಿಗೆಯಂತೆ ಚಪ್ಪಟೆಯಾದ್ದರಿಂದ ಹಾಳೆಯಲ್ಲೇ ಆಗುತ್ತದೆ ಎಂದ. ಹೊಸ ಬಾಡಿಯನ್ನು ಚಾಸಿಯ ಹಳೆಯ ಕಂಬಗಳ ಮೇಲೇ ಕೂಡಿಸಿ ಕ್ಲಿಪ್ಪು ಹಾಕಿದ್ದ. ಚಾಸಿಗೆ ಒಂದು ತೂತನ್ನೂ ಹೊಡೆದಿರಲಿಲ್ಲ.

"ಅತ್ತೀ, ನಿಮ್ಮ ಬ್ಯಾಗಿನಾಗ ಖಡು ಐತೇನ್ರಿ?" ಎಂದ. ಸೀಮೆಸುಣ್ಣ ಇಲ್ಲದ ಟೀಚರ ಬ್ಯಾಗು ಇದ್ದೀತೆ? ಕೊಟ್ಟೆ. ಟೈರುಗಳಿಗೆಲ್ಲ ಉಜ್ಜಿದ. ಒಂದು ಮುಂಗಾಲಿ, ಅದರ ಎದುರು ಮೂಲೆಯ ಹಿಂಗಾಲಿ, ಎರಡನ್ನೂ ಬೆರಳಿನಿಂದ ಪೂರ್ತಿ ಮೇಲೆ ಒತ್ತಿ, ಮುಂದಿನ ಗಾಲಿಗಳನ್ನು ಕೊನೆಯವರೆಗೆ ತಿರುಗಿಸಿದ. ಬಾಡಿ ಬಿಚ್ಚಿ ತೋರಿಸಿದ. ಟೈರು ಎಲ್ಲಿ ತಾಗುತ್ತದೋ ಅಲ್ಲಿ ಬೆಳ್ಳನೆಯ ಗುರುತು. ಅಷ್ಟನ್ನೇ ಕೊಯ್ಯಬೇಕು, ಹೆಚ್ಚಿಗೆ ಕೊಯ್ದರೆ ಅಂದ ಕೆಡುತ್ತದೆ. ಮೂವತ್ತು ವರ್ಷ ಖಡು ಹಿಡಿದವಳು ನಾನು. ಅದರಿಂದ ಹೀಗೂ ಒಂದು ತಪ್ಪು ಕಂಡುಹಿಡಿಯಬಹುದೆಂದು ಗೊತ್ತಿರಲಿಲ್ಲ.

ನನಗೆ ನೆನಪಾದದ್ದು ನಮ್ಮಪ್ಪ. ಅಪ್ಪ ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುವ ಬಡಿಗರಾಗಿದ್ದರು. ಆಗ ಹೊಸ ಲಾರಿಯೆಂದರೆ ಬರೀ ಚಾಸಿ ಬರುತ್ತಿತ್ತು. ತಲೆಗೆ ಟವೆಲ್ಲು ಸುತ್ತಿದ ಡ್ರೈವರು ಬಿಸಿಲು ಮಳೆಯೆನ್ನದೆ ಬಯಲಲ್ಲೇ ಕೂತು ಕಾರ್ಖಾನೆಯಿಂದ ಓಡಿಸಿಕೊಂಡು ಬರುತ್ತಿದ್ದ. ಅಪ್ಪನ ಕೈಗೆ ಬಂದಮೇಲೆಯೇ ಅದಕ್ಕೆ ಮೈ. ಚಾಸಿಯ ಉಕ್ಕಿನ ತೊಲೆಯ ಮೇಲೆ ಕಟ್ಟಿಗೆಯ ಪಟ್ಟಿ ಇಟ್ಟು, ಅದರ ಮೇಲೆ ಬಾಡಿ ಕೂಡಿಸಿ, ಯು ಬೋಲ್ಟಿನಿಂದ ಅಪ್ಪಿ ಹಿಡಿಸುತ್ತಿದ್ದರು. ಕೈಕೆಳಗಿನ ಹುಡುಗರಿಗೆ ದಿನಾ ಹೇಳುತ್ತಿದ್ದ ಮಾತು, "ಬಾಡಿ ಎಷ್ಟರ ಕೊಯ್ರಿ, ಚಾಸಿಗೆ ಮಾತ್ರ ತೂತು ಹೊಡಿಬ್ಯಾಡ್ರೋ." ತೂತು ಹೊಡೆದ ಜಾಗದಿಂದಲೇ ಭಾರ ಬಿದ್ದಾಗ ತೊಲೆ ಸೀಳುತ್ತದೆ. ಹುಡುಗ ಹುಟ್ಟುವ ಮೊದಲೇ ಅಪ್ಪ ತೀರಿಕೊಂಡರು. ಈ ಮಾತನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದನ್ನು ಸಂಜೆ ತಮ್ಮನಿಗೆ ಹೇಳಿದೆ. ಅವನ ಮುಖ ಗಂಟಾಯಿತು. "ಅಪ್ಪ ಅಷ್ಟು ಬಡಿದು ಏನು ಗಳಿಸ್ಯಾನ? ನನ್ನ ಮಗ ಬಡಿಗ್ಯಾ ಆಗೋದು ಬ್ಯಾಡ" ಎಂದ. ಮರುದಿನವೇ ಗಾಡಿಯನ್ನು ಅಲಮಾರಿಯಲ್ಲಿಟ್ಟು ಕೀಲಿ ಹಾಕಿದ. ಪರೀಕ್ಷೆ ಮುಗಿಯುವವರೆಗೆ ತೆಗೆಯುವುದಿಲ್ಲವಂತೆ.

ನಾನು ಜಗಳ ಹೂಡಿರುವುದು ಈ ಮಾತಿನ ಮೇಲೆ. ಆಕ್ಷೇಪ ಆಟಿಗೆಯ ಮೇಲಲ್ಲ, ಕೈಕೆಲಸದ ಮೇಲೆ. ಅದೇ ಹುಡುಗ ಮೂರು ತಾಸು ಮೊಬೈಲಿನಲ್ಲಿ ಕಾರು ಓಡಿಸಿದರೆ ಮನೆಯಲ್ಲಿ ಇಷ್ಟು ರಾದ್ಧಾಂತವಿಲ್ಲ; ಕೈಗೆ ಅಂಟು ಮೆತ್ತಿದರೆ ಮಾನ ಹೋಗುತ್ತದೆ. ಅಪ್ಪನ ಉಳಿಯ ದುಡ್ಡಿನಿಂದ ಓದಿ ಕುರ್ಚಿ ಹಿಡಿದ ನಾವೇ ಉಳಿಯನ್ನು ಕಂಡು ನಾಚುತ್ತೇವೆ.

ದುಡ್ಡಿನ ಮಾತು ನಿಜ. ಇಂಥ ಗಾಡಿ ಎಲ್ಲರ ಮನೆಗೂ ಎಟುಕುವುದಲ್ಲ, ಎಲ್ಲರೂ ಕೊಳ್ಳಿರೆಂದು ನಾನು ಹೇಳುವುದೂ ಇಲ್ಲ. ಸನ್‌ಬೋರ್ಡಿಗೂ ಖಡುವಿಗೂ ಆದ ಖರ್ಚು ಒಂದು ಗೈಡ್ ಪುಸ್ತಕದಷ್ಟಿಲ್ಲ. ನಾವು ಚಿಕ್ಕವರಿದ್ದಾಗ ಜೋಳದ ದಂಟಿನಲ್ಲಿ ಬಂಡಿ ಕಟ್ಟುತ್ತಿದ್ದೆವು, ಮಣ್ಣೆತ್ತಿನ ಅಮವಾಸ್ಯೆಗೆ ಎತ್ತು ಮಾಡುತ್ತಿದ್ದೆವು. ದಂಟು ಎಷ್ಟು ಬಾಗಿದರೆ ಮುರಿಯುತ್ತದೆಂದು ಬೆರಳಿಗೆ ಗೊತ್ತಿತ್ತು. ಇನ್ನು ಅಂಕದ ಮಾತು. ಹುಡುಗನಿಗೆ ಗಣಿತದ ಟೆಸ್ಟಿನಲ್ಲಿ 25ಕ್ಕೆ 11 ಬಂದದ್ದೂ ನಿಜ. ಗಾಡಿ ಕಟ್ಟಿದ್ದರಿಂದ ಅದು 20 ಆಗಿಬಿಡುತ್ತದೆಂದು ನಾನು ಸುಳ್ಳು ಹೇಳಲಾರೆ. ಅವನಿಗೆ ಓದಲು ವೇಳೆ ಗೊತ್ತುಮಾಡಿ, ಬೇಡವೆನ್ನುವುದಿಲ್ಲ. ಆದರೆ ಹಲಗೆಯನ್ನು ಓರೆ ಎತ್ತಿ, ಕೋನಮಾಪಕ ಹಿಡಿದು, ಛಾವಣಿಯ ಮೇಲೆ ಸಾಮಾನಿನ ಕ್ಯಾರಿಯರು ಇದ್ದರೆ ಗಾಡಿ 38 ಡಿಗ್ರಿಗೇ ಉರುಳುತ್ತದೆ, ತೆಗೆದರೆ 45ರವರೆಗೆ ನಿಲ್ಲುತ್ತದೆ ಎಂದು ಬರೆದಿಟ್ಟ ಹುಡುಗನಿಗೆ ಗುರುತ್ವ ಕೇಂದ್ರ ಅರ್ಥವಾಗಿಲ್ಲವೆಂದು ಯಾವ ಬಾಯಿಂದ ಹೇಳಲಿ? ಆ 11 ಅಂಕ ಅವನನ್ನು ಅಳೆದಷ್ಟೇ ನಮ್ಮ ಪ್ರಶ್ನೆಪತ್ರಿಕೆಯನ್ನೂ ಅಳೆಯುತ್ತದೆ.

ತಮ್ಮನನ್ನು ಬೈದು ನಾನು ಪಾರಾಗುವಂತಿಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸಮ್ಮೇಳನ ಸೇರಿತು, ಕೈಕಸುಬೇ ಶಿಕ್ಷಣದ ನಡುಗಂಬವಾಗಲಿ ಎಂದು ಗಾಂಧೀಜಿ ಹೇಳಿದರು, ಝಾಕಿರ್ ಹುಸೇನರ ಸಮಿತಿ ಯೋಜನೆ ಬರೆಯಿತು ಎಂದು ನಾನು ವರ್ಷ ವರ್ಷವೂ ಟಿಪ್ಪಣಿ ಬರೆಸಿದ್ದೇನೆ. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದನಾ ಕಾರ್ಯವೆಂಬ ಉದ್ದ ಹೆಸರನ್ನು ವೇಳಾಪಟ್ಟಿಗೆ ತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 6ರಿಂದ 8ನೇ ತರಗತಿಯ ನಡುವೆ ಹತ್ತು ದಿನ ಮಕ್ಕಳು ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲಿ ಎಂದು ಬರೆಯಿತು. ಇಷ್ಟೆಲ್ಲ ಕಾಗದದ ನಡುವೆ ನಮ್ಮ ಶಾಲೆಯ ಶನಿವಾರದ ಕ್ರಾಫ್ಟ್ ಪೀರಿಯಡ್ ಏನಾಯಿತು? ಒಂದು ವಾರ ನಾನು ತಿಂದೆ, ಇನ್ನೊಂದು ವಾರ ಗಣಿತದ ಮಾಸ್ತರರು ತಿಂದರು. ಪೋರ್ಷನ್ ಮುಗಿಯಬೇಕಲ್ಲ. ಕೈಕಸುಬಿನ ಮಹತ್ವದ ಟಿಪ್ಪಣಿಯನ್ನು ಕೈಕಸುಬಿನ ಪೀರಿಯಡ್ಡಿನಲ್ಲೇ ಬರೆಸಿದವಳು ನಾನು. ಒಮ್ಮೆ ಒಬ್ಬ ಹುಡುಗ ಬೆಂಚಿನ ಕೆಳಗೆ ಬೆಂಕಿಪೊಟ್ಟಣದ ಟ್ರ್ಯಾಕ್ಟರು ಮಾಡುತ್ತಿದ್ದಾಗ ಕಸಿದು ಕಿಟಕಿಯಾಚೆ ಒಗೆದಿದ್ದೇನೆ. ಅವನು ಅಳಲಿಲ್ಲ, ಸುಮ್ಮನೆ ನೋಡಿದ. ಆ ನೋಟ ಈಗ ಕಾಡುತ್ತದೆ.

ನಾವು ಮಾಡುತ್ತಿರುವುದು ಇದೇ. ಡಾಕ್ಟರು, ಇಂಜಿನಿಯರು ಎಂಬ ಸಿದ್ಧ ಬಾಡಿಗಳನ್ನು ಪೇಟೆಯಿಂದ ತರುತ್ತೇವೆ. ಅದು ಮಗುವಿಗೆ ಕೂಡದಿದ್ದರೆ ಬಾಡಿಯನ್ನು ಕೊಯ್ಯುವುದಿಲ್ಲ. ಮಗುವಿಗೇ ತೂತು ಹೊಡೆಯುತ್ತೇವೆ. ಭಾರ ಬಿದ್ದ ದಿನ ಅಲ್ಲಿಂದಲೇ ಸೀಳು ಬಿಡುತ್ತದೆ.

ನನ್ನ ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇದೆ. ಈ ಶನಿವಾರದಿಂದ ಕ್ರಾಫ್ಟ್ ಪೀರಿಯಡ್ಡಿಗೆ ನನ್ನ ಪುಸ್ತಕ ಒಯ್ಯುವುದಿಲ್ಲವೆಂದು ಹೆಡ್‌ಮಾಸ್ತರರಿಗೆ ಬರೆದುಕೊಟ್ಟಿದ್ದೇನೆ. ಗಣಿತದ ಮಾಸ್ತರರು ಮುನಿಸಿಕೊಂಡಿದ್ದಾರೆ, ಮುನಿಸಿಕೊಳ್ಳಲಿ. ತಮ್ಮನೂ ಇದನ್ನು ಓದಿದರೆ ಮುನಿಸಿಕೊಳ್ಳುತ್ತಾನೆ. ಅವನಿಗೆ ಹೇಳುವುದಿಷ್ಟೆ: ಆ ಜಿಪ್ಸಿಯ ಹಿಂದಿನ ಬಾಗಿಲು ಇನ್ನೂ ಕೂಡಿಸಿಲ್ಲ. ಅಲಮಾರಿಯ ಕೀಲಿ ತೆಗಿಯಪ್ಪಾ, ಹುಡುಗ ಕೆಲಸ ಮುಗಿಸಲಿ.