ಇಂಜುರಿ ಆಫ್ ಮಾಡ್ಕೊಂಡು ಆಡೋರಿಗೆ

ಅಕ್ಕನ ಮಗನಿಗೆ ಹದಿನೈದು ವರ್ಷ. ಓದೋದು ಹತ್ತನೇ ಕ್ಲಾಸು, ಉಸಿರಾಡೋದು ಫಾಸ್ಟ್ ಬೌಲಿಂಗು. ಕಳೆದ ತಿಂಗಳು ಬಸವನಗುಡಿಯ ನಮ್ಮ ಮನೇಲಿ ಬೆನ್ನಿಗೆ ಬೆಲ್ಟ್ ಕಟ್ಕೊಂಡು ದಿವಾನದ ಮೇಲೆ ಮಲಗಿದ್ದ. ಸೊಂಟದ ಹತ್ತಿರ, ಬೆನ್ನುಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್. ನಾಲ್ಕು ತಿಂಗಳು ಬಾಲ್ ಮುಟ್ಟೋ ಹಾಗಿಲ್ಲ ಅಂದಿದ್ದಾರೆ ಡಾಕ್ಟ್ರು. ಅದಕ್ಕೇ ಹುಡುಗ ಪ್ಲೇಸ್ಟೇಷನ್ ಕಂಟ್ರೋಲರ್ ಹಿಡಿದಿದ್ದ. ಟಿವಿಯಲ್ಲಿ ಟೆಸ್ಟ್ ಮ್ಯಾಚು. ಬೌಲರ್‌ಗೆ ಇವನದೇ ಹೆಸರು. ಸ್ಕೋರ್‌ಕಾರ್ಡ್ ನೋಡಿದೆ: ಒಂದೇ ಇನ್ನಿಂಗ್ಸಲ್ಲಿ 31 ಓವರ್. ಇನ್ನೂ ಓಡಿ ಬರ್ತಾನೇ ಇದ್ದಾನೆ.

"ಏನೋ, ಎಷ್ಟು ಓವರ್ ಹಾಕಿಸ್ತೀಯೋ ಅವನ ಕೈಲಿ?"

"ಏನೂ ಆಗಲ್ಲ ಮಾಮ. ಇಂಜುರಿ ಆಫ್ ಮಾಡಿದೀನಿ. ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

ಹೌದು, ನಾನೇ. ಯುಗಾದಿ ಹೊತ್ತಿಗೆ ಗೇಮ್ ತಂದುಕೊಟ್ಟಿದ್ದೆ. ಮೂರನೇ ದಿನಕ್ಕೇ ಅವನ ಬೌಲರ್‌ಗೆ ತೊಡೆ ಹಿಡ್ಕೊಂಡು ಸೀರೀಸ್‌ನಿಂದ ಔಟಾದಾಗ ಹುಡುಗನ ಮುಖ ನೋಡೋಕಾಗ್ಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ, "ತಗೋ, ಇನ್ಮೇಲೆ ನಿನ್ನ ಬೌಲರ್ ಸಾಯಲ್ಲ" ಅಂದಿದ್ದೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ವಿಡಿಯೋ ಗೇಮ್ ಆಡಿ ಹುಡುಗನ ಬೆನ್ನು ಮುರೀತು ಅಂತ ನಾನು ಹೇಳ್ತಿಲ್ಲ. ಗೇಮ್‌ಗಳಿಗೆ ಬಯ್ಯೋ ಅಂಕಲ್‌ಗಳ ಸಂಘಕ್ಕೆ ಸೇರೋ ವಯಸ್ಸು ನನಗಿನ್ನೂ ಆಗಿಲ್ಲ. ಬೆನ್ನು ಮುರಿದಿದ್ದು ನಾವು, ದೊಡ್ಡವರು. ಸ್ಕೂಲ್ ಟೀಮಲ್ಲಿ "ಹತ್ತೇ ಓವರ್", ಅಕಾಡೆಮಿ ನೆಟ್ಸಲ್ಲಿ "ಇನ್ನೊಂದರ್ಧ ಗಂಟೆ", ಭಾನುವಾರದ ಲೀಗಲ್ಲಿ "ಇವತ್ತೊಂದಿನ". ಆಮೇಲೆ ಸೆಲೆಕ್ಷನ್ ವಾರ ಬಂತು. ವಾರಕ್ಕೆ ಇಪ್ಪತ್ತೈದು ಓವರ್ ಹಾಕ್ತಿದ್ದೋನು ಆ ವಾರ ಅರವತ್ತು ದಾಟಿಸಿದ್ದ. ಇದು ನಮಗೆ ಗೊತ್ತಾಗಿದ್ದು ಎಂಆರ್‌ಐ ಬಂದ ಮೇಲೆ, ಎಲ್ಲರನ್ನೂ ಕೇಳಿ ಲೆಕ್ಕ ಹಾಕಿದಾಗ. ಅಲ್ಲೀವರೆಗೂ ಯಾರೂ ಕೂಡಿಸಿ ನೋಡಿರಲಿಲ್ಲ. ಫೀಸು ಕಟ್ಟಿ ಬೌಂಡರಿ ಹತ್ರ ನಿಂತು ಚಪ್ಪಾಳೆ ಹೊಡೀತಿದ್ದ ನಾನೂ ನೋಡಿರಲಿಲ್ಲ.

ನನ್ನ ತಕರಾರು ಇಷ್ಟೇ. ನಾವು ಆಡೋ ಕ್ರಿಕೆಟ್ ಗೇಮ್‌ಗಳಲ್ಲಿ ಸುಸ್ತು, ಗಾಯ ಎರಡನ್ನೂ ಕಾಟಾಚಾರಕ್ಕೆ ಇಟ್ಟಿರ್ತಾರೆ. ನಾವು ಆ ಕಾಟಾಚಾರವೂ ಬೇಡ ಅಂತ ಆಫ್ ಮಾಡ್ತೀವಿ. ಆಮೇಲೆ ಅದೇ ಕಣ್ಣಲ್ಲಿ ನಿಜವಾದ ಬೌಲರ್‌ಗಳನ್ನೂ ನೋಡ್ತೀವಿ.

ನನ್ನ ವಯಸ್ಸಿನೋರಿಗೆಲ್ಲ ಇಂಜಿನಿಯರಿಂಗ್ ಹಾಸ್ಟೆಲ್ ಅಂದ್ರೆ ಕ್ರಿಕೆಟ್ 07. ಇಎ ಸ್ಪೋರ್ಟ್ಸ್ 2006ರಲ್ಲಿ ಬಿಟ್ಟ ಗೇಮ್ ಅದು. ಆಮೇಲೆ ಅವರು ಕ್ರಿಕೆಟ್ ಸಹವಾಸವನ್ನೇ ಬಿಟ್ಟರು, ನಾವು ಬಿಡ್ಲಿಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿಯೂ ಆಡಿದ್ದೀವಿ. ಯಾವನು ವಿಕೆಟ್ ತೆಗೀತಾನೋ ಅವನ ಕೈಗೇ ಬಾಲು, ಆಲ್‌ಔಟ್ ಆಗೋವರೆಗೆ. ಅವನ ಮಂಡಿ ಬಗ್ಗೆ, ಬೆನ್ನಿನ ಬಗ್ಗೆ ಒಂದು ದಿನ ಯೋಚಿಸಿದ್ದು ನನಗೆ ನೆನಪಿಲ್ಲ.

ಈಗ ಅಮೆರಿಕದವರ ಬೇಸ್‌ಬಾಲ್ ಗೇಮ್‌ಗಳನ್ನ ನೋಡಿ. ಆ ಆಟದಲ್ಲಿ ಚೆಂಡೆಸೆಯೋ ಪಿಚರ್‌ಗೆ ಲೆಕ್ಕವೇ ಜೀವ. ಎಷ್ಟು ಎಸೆದ ಅನ್ನೋ ಸಂಖ್ಯೆ ಟಿವಿ ಪರದೆಯ ಮೂಲೇಲಿ ಕೂತಿರುತ್ತೆ. ನೂರರ ಆಸುಪಾಸು ಬಂತೋ, ಎಂಥಾ ಸ್ಟಾರ್ ಆದ್ರೂ ಸಾಮಾನ್ಯವಾಗಿ ಆಚೆ. ಮತ್ತೆ ಮ್ಯಾಚ್ ಶುರು ಮಾಡೋಕೆ ನಾಲ್ಕೈದು ದಿನ ಬೇಕು. ಆದ್ದರಿಂದ ಅಲ್ಲಿನ ಗೇಮ್‌ಗಳಲ್ಲೂ ಅದೇ ಪಾಠ. 'ಎಂಎಲ್‌ಬಿ ದಿ ಷೋ'ನಲ್ಲಿ ಎಸೆದಷ್ಟೂ ಪಿಚರ್‌ನ ಶಕ್ತಿ ಇಳೀತಾ ಹೋಗುತ್ತೆ. 1999ರಿಂದ ಬರ್ತಿರೋ 'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್'ನಲ್ಲಂತೂ ನೀವು ಬ್ಯಾಟು ಬಾಲು ಹಿಡಿಯೋದೇ ಇಲ್ಲ, ಮ್ಯಾನೇಜರ್ ಆಗಿ ಕೂತಿರ್ತೀರಿ. ನಿನ್ನೆ ಎಸೆದೋನನ್ನ ಇವತ್ತೂ ಇಳಿಸಲಾ? ಬೇಗ ಗಾಯ ಆಗೋ ಜಾತಿಯ ಹುಡುಗನನ್ನ ಎಷ್ಟು ನಂಬಲಿ? ಆ ಗೇಮಿನ ಮಜಾದಲ್ಲಿ ಅರ್ಧ ಈ ಪ್ರಶ್ನೆಗಳಲ್ಲೇ ಇದೆ.

ಅವರೇನೂ ಸಾಧುಗಳಲ್ಲ. ಅಲ್ಲೂ ಇಂಜುರಿ ಆಫ್ ಮಾಡೋ ಬಟನ್ ಇದೆ, ಒತ್ತೋರೂ ಇದ್ದಾರೆ. ಪಿಚರ್‌ಗಳ ಮೊಣಕೈ ಎಷ್ಟು ಹಾಳಾಗುತ್ತೆ ಅಂದ್ರೆ, 1974ರಲ್ಲಿ ಫ್ರಾಂಕ್ ಜೋಬ್ ಅನ್ನೋ ಡಾಕ್ಟರ್ ಟಾಮಿ ಜಾನ್ ಅನ್ನೋ ಪಿಚರ್‌ಗೆ ಮಾಡಿದ ಆಪರೇಷನ್‌ಗೆ ಆ ಆಟಗಾರನ ಹೆಸರೇ ನಿಂತುಹೋಗಿದೆ. ಆದ್ರೆ ಪೆಟ್ಟು ತಿಂದು ಲೆಕ್ಕ ಇಡೋದನ್ನ ಕಲಿತರು. 2014ರಲ್ಲಿ ಮಕ್ಕಳಿಗಾಗಿ 'ಪಿಚ್ ಸ್ಮಾರ್ಟ್' ಅಂತ ಮಾರ್ಗಸೂಚಿ ಮಾಡಿದರು. ಹದಿಮೂರು ಹದಿನಾಲ್ಕರ ಹುಡುಗ ದಿನಕ್ಕೆ 95 ಎಸೆತ ದಾಟೋ ಹಾಗಿಲ್ಲ. 66 ಮುಟ್ಟಿದರೆ ನಾಲ್ಕು ದಿನ ರಜೆ. ಕ್ರಿಕೆಟ್‌ನಲ್ಲೂ ಇಂಗ್ಲೆಂಡಿನೋರು 15ರೊಳಗಿನ ವೇಗಿಗಳಿಗೆ ಒಂದು ಸ್ಪೆಲ್‌ಗೆ 6 ಓವರ್, ದಿನಕ್ಕೆ 12 ಅನ್ನೋ ಮಿತಿಯನ್ನ ಎಷ್ಟೋ ವರ್ಷ ಪಾಲಿಸಿಕೊಂಡು ಬಂದಿದ್ದಾರೆ. ನಮ್ಮ ಹುಡುಗನ ಬೆನ್ನು ಹೋದ ಮೇಲೆ ಇವನ್ನೆಲ್ಲ ಓದಿದ ಬುದ್ಧಿವಂತ ನಾನು.

"ಅಲ್ಲ ಗುರು, ಆಫೀಸಿಂದ ಸುಸ್ತಾಗಿ ಬಂದು ಗೇಮ್ ಆಡೋದು. ಅಲ್ಲೂ ಸುಸ್ತಾ?" ಅಂತ ನನ್ನ ಟೀಮಿನ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಅವನ ಇನ್ನೊಂದು ಮಾತೂ ಸರಿಯೇ: "ಸುಮ್ಸುಮ್ನೆ ಇಂಜುರಿ ಬರುತ್ತೆ. ನಾನೇನು ತಪ್ಪು ಮಾಡ್ದೆ?"

ಸಮಸ್ಯೆ ಇರೋದೇ ಇಲ್ಲಿ. ಗಾಯ ಅನ್ನೋದು ಲಾಟರಿ ಥರ ಬಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಕೋಡಲ್ಲಿ ಒಂದು ರ‍್ಯಾಂಡಮ್ ನಂಬರ್ ಎಳೆದು, ಇಷ್ಟಕ್ಕಿಂತ ಕಮ್ಮಿ ಬಂದ್ರೆ ತೊಡೆ ಹಿಡ್ಕೊಳ್ಳಲಿ ಅಂತ ಬರೆಯೋಕೆ ಎರಡು ಲೈನು ಸಾಕು. ದೇಹ ಹಾಗೆ ಕೆಲಸ ಮಾಡಲ್ಲ. ವೇಗದ ಬೌಲರ್ ಮುಂಗಾಲು ಊರಿದಾಗ ನೆಲ ಅವನ ತೂಕದ ಐದಾರು ಪಟ್ಟು ಬಲದಲ್ಲಿ ವಾಪಸ್ ಗುದ್ದುತ್ತೆ. ಅದೇ ಕ್ಷಣಕ್ಕೆ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗುತ್ತೆ. ಪ್ರತಿ ಬಾಲ್‌ಗೂ ಮೂಳೆ ಚೂರು ಸವೆಯುತ್ತೆ, ವಿಶ್ರಾಂತೀಲಿ ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಸವೆತ ರಿಪೇರಿಗಿಂತ ಜೋರಾದ್ರೆ ಬಿರುಕು. 2014ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ವೇಗದ ಬೌಲರ್‌ಗಳ ಮೇಲೆ ಅಧ್ಯಯನ ಮಾಡಿ ತೋರಿಸಿದ್ದರು: ಅಭ್ಯಾಸ ಇದ್ದದ್ದಕ್ಕಿಂತ ಬೌಲಿಂಗ್ ಒಮ್ಮೆಲೇ ಏರಿದ್ರೆ ಮುಂದಿನ ವಾರ ಗಾಯದ ಅಪಾಯ ಹೆಚ್ಚುತ್ತೆ. ಇಪ್ಪತ್ತೈದರಿಂದ ಅರವತ್ತು. ನಮ್ಮ ಹುಡುಗನ ಕಥೆ.

ಇದನ್ನ ಗೇಮಲ್ಲಿ ಬರೆಯೋದು ಕಷ್ಟವಾ? ನಾನು ಅನ್ನ ತಿನ್ನೋದು ಕೋಡ್ ಬರೆದು, ಆದ್ದರಿಂದ ಹೇಳ್ತೀನಿ: ಅಲ್ಲ. ಪ್ರತಿ ಬೌಲರ್‌ಗೆ ಈ ವಾರದ ಓವರ್, ಕಳೆದ ನಾಲ್ಕು ವಾರದ ಸರಾಸರಿ, ವಯಸ್ಸು, ಹಳೇ ಗಾಯ, ಇಷ್ಟು ಇಟ್ಕೊಳ್ಳಿ. ಲೋಡ್ ಏರಿದಂಗೆ ಅಪಾಯ ಏರಲಿ. ಫಿಸಿಯೋ ಬಂದು "ಸರ್, ಇವನು ಬೆನ್ನು ಬಿಗಿ ಅಂತಿದ್ದಾನೆ" ಅನ್ನಲಿ. ಆಮೇಲೆ ತೀರ್ಮಾನ ಆಡೋನದು: ನಾಲ್ಕು ವಿಕೆಟ್ ಬಾಕಿ ಇದೆ, ಇನ್ನೊಂದು ಸ್ಪೆಲ್ ಹಾಕಿಸ್ತೀಯಾ, ಅಥವಾ ಮುಂದಿನ ಟೆಸ್ಟ್‌ಗೆ ಉಳಿಸ್ಕೊಳ್ತೀಯಾ? ಈಗ ಗಾಯ ಆದ್ರೆ "ನಾನೇನು ತಪ್ಪು ಮಾಡ್ದೆ" ಅಂತ ಕೇಳೋಕಾಗಲ್ಲ. ಕ್ಯಾಪ್ಟನ್ಸಿ ಅಂದ್ರೆ ಇದೇ ಅಲ್ವಾ? ಬಾಲ್ ಯಾರಿಗೆ ಕೊಡೋದು ಅನ್ನೋದರ ಜೊತೆಗೆ ಯಾರಿಂದ ಕಿತ್ಕೊಳ್ಳೋದು ಅನ್ನೋದೂ ಕ್ರಿಕೆಟ್ಟೇ.

ಸುಸ್ತು ಬರೆಯೋಕೆ ಬರಲ್ಲ ಅಂತಲ್ಲ, ದುಡ್ಡು ಬರೋ ಕಡೆ ಬರೀತಾರೆ. ನನ್ನ ಫೋನಲ್ಲಿದ್ದ ಒಂದು ಕ್ರಿಕೆಟ್ ಗೇಮಲ್ಲಿ ಎನರ್ಜಿ ಪಟ್ಟಿ ಖಾಲಿ ಆದ್ರೆ ಮೂವತ್ತು ಸೆಕೆಂಡ್ ಜಾಹೀರಾತು ನೋಡ್ಬೇಕು, ಇಲ್ಲ ದುಡ್ಡು ಕೊಡ್ಬೇಕು. ಕೊಟ್ಟ ತಕ್ಷಣ ಬೌಲರ್ ತಾಜಾ. ಅದು ದೇಹದ ಸುಸ್ತಲ್ಲ ಸ್ವಾಮಿ, ಟೋಲ್ ಗೇಟು.

ಈಗ ಗೇಮ್ ಬಿಟ್ಟು ಆಚೆ ಬನ್ನಿ. ನಮ್ಮ ಬಸವನಗುಡಿ ನ್ಯಾಷನಲ್ ಕಾಲೇಜಲ್ಲಿ ಪಿಯುಸಿ ಓದಿದ ಅನಿಲ್ ಕುಂಬ್ಳೆ ಅಂದ ತಕ್ಷಣ ಒಂದು ಚಿತ್ರ ಕಣ್ಣಿಗೆ ಬರುತ್ತೆ. 2002, ಆಂಟಿಗಾ, ಮುರಿದ ದವಡೆಗೆ ಬ್ಯಾಂಡೇಜ್ ಸುತ್ಕೊಂಡು 14 ಓವರ್, ಲಾರಾ ಎಲ್‌ಬಿಡಬ್ಲ್ಯು. ನನಗೂ ಈಗಲೂ ಮೈ ಜುಮ್ ಅನ್ನುತ್ತೆ. ಆದ್ರೆ ಅದೇ ಕುಂಬ್ಳೆ ಭುಜದ ಆಪರೇಷನ್ ಮಾಡಿಸ್ಕೊಂಡು 2001ರ ಆಸ್ಟ್ರೇಲಿಯಾ ಸರಣಿಯಿಂದ ಹೊರಗೆ ಕೂತಿದ್ದರು. ಆ ಚಿತ್ರ ಯಾರ ಗೋಡೆ ಮೇಲೂ ಇಲ್ಲ. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿದ್ದು ಆ ಆಪರೇಷನ್ ಆದ ಮೇಲೆ. ಬ್ಯಾಂಡೇಜ್ ಕಟ್ಕೊಂಡು ಹಾಕಿದ ಓವರ್‌ಗೆ ನಾವು ವಾಟ್ಸಾಪ್ ಸ್ಟೇಟಸ್ ಇಡ್ತೀವಿ. ಸುಮ್ಮನೆ ಕೂತು ವಾಸಿ ಮಾಡ್ಕೊಂಡ ತಿಂಗಳುಗಳು ಲೆಕ್ಕಕ್ಕೇ ಇಲ್ಲ.

ನಮ್ಮೂರಿನ ಪ್ರಸಿದ್ಧ್ ಕೃಷ್ಣನ್ನ ತಗೊಳ್ಳಿ. ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್‌ನಿಂದ 2023ರ ಐಪಿಎಲ್ ಪೂರ್ತಿ ಹೋಯ್ತು, ಆ ಆಗಸ್ಟ್‌ಗೆ ವಾಪಸ್ ಬಂದ. 2025ರ ಐಪಿಎಲ್‌ನಲ್ಲಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್. ಭಾರತ 6 ರನ್ನಿಂದ ಗೆದ್ದ ಓವಲ್ ಟೆಸ್ಟಲ್ಲಿ ಎಂಟು ವಿಕೆಟ್. ನನ್ನ ಅಳಿಯನಿಗೆ ಈಗ ದಿನಾ ಹೇಳೋ ಕಥೆ ಇದು.

ಬುಮ್ರಾ ವಿಷಯದಲ್ಲಿ ನಾವಾಡಿದ ಮಾತು ನೆನಪಿದೆಯಾ? 2024–25ರ ಆಸ್ಟ್ರೇಲಿಯಾ ಪ್ರವಾಸದಲ್ಲಿ 151.2 ಓವರ್ ಹಾಕಿ 32 ವಿಕೆಟ್ ತೆಗೆದ. ಸಿಡ್ನಿಯಲ್ಲಿ ಬೆನ್ನು ಹಿಡ್ಕೊಂಡು ಎರಡನೇ ಇನ್ನಿಂಗ್ಸಲ್ಲಿ ಬಾಲೇ ಹಾಕೋಕಾಗಲಿಲ್ಲ, ಚಾಂಪಿಯನ್ಸ್ ಟ್ರೋಫಿಯೂ ತಪ್ಪಿತು. ಅದೇ ವರ್ಷ ಇಂಗ್ಲೆಂಡಲ್ಲಿ ಐದರಲ್ಲಿ ಮೂರೇ ಟೆಸ್ಟ್ ಆಡ್ತೀನಿ ಅಂದಾಗ "ವರ್ಕ್‌ಲೋಡ್ ಮ್ಯಾನೇಜ್‌ಮೆಂಟ್" ಅನ್ನೋದು ಬೈಗುಳ ಆಗೋಯ್ತು. "ಸಿರಾಜ್ ಐದೂ ಆಡಲಿಲ್ವಾ?" ಅಂದರು. ಆಡಿದ, ಅಮೋಘವಾಗಿ ಆಡಿದ. ಅದಕ್ಕೆ ಅವನಿಗೆ ಕೈ ಮುಗಿಯೋಣ. ಒಬ್ಬನ ಬೆನ್ನಿಂದ ಇನ್ನೊಬ್ಬನ ಬೆನ್ನನ್ನ ಅಳೆಯೋದು ಯಾವ ಲೆಕ್ಕ? ದೇಶದ ಗಾಯಾಳು ಆಟಗಾರರೆಲ್ಲ ರಿಪೇರಿಗೆ ಬರೋದು ಬೆಂಗಳೂರಿಗೆ. ಹಿಂದೆ ಚಿನ್ನಸ್ವಾಮಿ ಪಕ್ಕದ ಎನ್‌ಸಿಎ, ಈಗ ಏರ್‌ಪೋರ್ಟ್ ಕಡೆಯ ಸೆಂಟರ್ ಆಫ್ ಎಕ್ಸಲೆನ್ಸ್. ಇಂಥ ಊರಲ್ಲಿ ಕೂತು ನಾವೇ ಹೀಗಂದ್ರೆ ಹೇಗೆ?

ಹಾಗೆ ಅನ್ನೋರು ಯಾರು? ನಾವೇ. ನಾನು ನೋಡ್ಕೊಳ್ಳೋ ಸರ್ವರ್‌ನ ಸಿಪಿಯು 80 ಪರ್ಸೆಂಟ್ ದಾಟಿದ್ರೆ ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಬಡ್ಕೊಳ್ಳುತ್ತೆ. ಲೋಡ್ ಹಂಚೋಕೆ ಇನ್ನೊಂದು ಮಷಿನ್ ತಾನೇ ಎದ್ದು ನಿಲ್ಲುತ್ತೆ. ಎದ್ದು ಕೂತ ನನ್ನ ಲೋಡ್ ಎಷ್ಟು ಅಂತ ತೋರಿಸೋ ಡ್ಯಾಶ್‌ಬೋರ್ಡ್ ಇಲ್ಲ. ಬೆಳಿಗ್ಗೆ ಸ್ಟ್ಯಾಂಡಪ್ಪಲ್ಲಿ "ಬ್ಯಾಂಡ್‌ವಿಡ್ತ್ ಇದೆಯಾ?" ಅಂತ ಕೇಳಿದ್ರೆ, ಇದೆ ಅಂತೀನಿ. ನಮಗೇ ನಾವು ಇಂಜುರಿ ಆಫ್ ಮಾಡ್ಕೊಂಡಿರೋರು, ಬುಮ್ರಾಗೆ ರಜೆ ಕೊಡ್ತೀವಾ?

ನಮ್ಮಪ್ಪ ಅರಸೀಕೆರೆ ಕಡೆ ಹಳ್ಳೀಲಿ ಬೇಸಾಯ ಮಾಡಿದೋರು. ಬೆಳಗಿನ ಜಾವ ಆರು ಕಟ್ಟಿದ್ರೆ ಬಿಸಿಲೇರೋ ಹೊತ್ತಿಗೆ ಬಿಟ್ಟುಬಿಡೋರು. ಇನ್ನು ನಾಲ್ಕೇ ಸಾಲು ಉಳಿದಿದ್ರೂ ಅಷ್ಟೆ. ನೊಗ ಇಳಿಸಿದ ತಕ್ಷಣ ಎತ್ತಿನ ಹೆಗಲ ಮೇಲೆ ಕೈಯಾಡಿಸಿ ಬಾವು ಬಂದಿದೆಯಾ ಅಂತ ನೋಡೋರು. ಸೋಮವಾರ ಬಸವಣ್ಣನ ವಾರ, ಎತ್ತಿಗೆ ನೊಗ ಇಡೋ ಹಾಗೇ ಇಲ್ಲ. ಚಿಕ್ಕವನಿದ್ದಾಗ ನನಗದು ಬರೀ ಮಡಿ-ಮೈಲಿಗೆ ಥರ ಕಾಣ್ತಿತ್ತು. ಅಪ್ಪನ ಲೆಕ್ಕ ಬೇರೆ ಇತ್ತು: ಇವತ್ತು ನಾಲ್ಕು ಸಾಲಿಗೆ ಆಸೆಪಟ್ಟು ಎತ್ತು ಮಲಗಿಬಿಟ್ರೆ ಮುಂದಿನ ಹದಕ್ಕೆ ಯಾರ ಮನೆ ಬಾಗಿಲಿಗೆ ಹೋಗೋದು? ಈಗ ನಾನಿರೋ ಬಡಾವಣೆಗೆ ಹೆಸರು ಬಂದಿರೋದೇ ಬಸವಣ್ಣನಿಂದ. ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರೋಡ್ ತುಂಬ ಕಡಲೆಕಾಯಿ ಪರಿಷೆ. ನಾವು ಅಲ್ಲಿ ಕಡಲೆಕಾಯಿ ತಿಂದು, ಸೆಲ್ಫಿ ತಗೊಂಡು, ಮನೆಗೆ ಬಂದು ಲ್ಯಾಪ್‌ಟಾಪ್ ತೆಗೀತೀವಿ.

ಹುಡುಗನಿಗೆ ಒಂದು ನೋಟ್‌ಬುಕ್ ತಂದುಕೊಟ್ಟಿದ್ದೀನಿ. ಮತ್ತೆ ಶುರು ಮಾಡಿದ ದಿನದಿಂದ ಸ್ಕೂಲು, ಅಕಾಡೆಮಿ, ಲೀಗು, ಬೀದಿ, ಎಲ್ಲಿ ಹಾಕಿದ್ರೂ ಆ ಬಾಲು ಅದರಲ್ಲಿ ಬರಬೇಕು. ಭಾನುವಾರ ರಾತ್ರಿ ಕೂಡಿಸೋ ಕೆಲಸ ನಂದು. ಕೋಚ್ ಸಿಟ್ಟು ಮಾಡ್ಕೊಂಡ್ರೆ ಮಾತಾಡೋ ಕೆಲಸವೂ ನಂದೇ. ನಿಮ್ಮ ಮನೇಲೂ ಬೌಲಿಂಗ್ ಮಾಡೋ ಮಗು ಇದ್ರೆ ಹತ್ತು ರೂಪಾಯಿ ನೋಟ್‌ಬುಕ್ ತನ್ನಿ, ನಮ್ಮ ಥರ ಎಂಆರ್‌ಐವರೆಗೆ ಕಾಯಬೇಡಿ.

ಗೇಮಲ್ಲಿ ಇಂಜುರಿ ಮತ್ತೆ ಆನ್ ಮಾಡ್ಸಿದೀನಿ. ಮೊನ್ನೆ ಅವನ ಬೌಲರ್ 17 ಓವರ್ ಹಾಕಿದ್ದ. ಎದುರಾಳಿ ಎಂಟು ವಿಕೆಟ್ ಹೋಗಿತ್ತು. ಹುಡುಗ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, ಗೊಣಗಿಕೊಂಡೇ ಬಾಲನ್ನ ಸ್ಪಿನ್ನರ್ ಕೈಗೆ ಕೊಟ್ಟ. ಆ ಮ್ಯಾಚ್ ಡ್ರಾ ಆಯ್ತು. ಅರ್ಧ ದಿನ ನನ್ನ ಹತ್ರ ಮಾತು ಬಿಟ್ಟಿದ್ದ. ಬಿಡಲಿ, ಪರವಾಗಿಲ್ಲ.