ಮಕ್ಕಳಿಲ್ಲವೋ, ಮೇಷ್ಟ್ರಿಲ್ಲವೋ?

ಜೂನ್ ಬಂತೆಂದರೆ ಹಳ್ಳಿಯ ಸರ್ಕಾರಿ ಶಾಲೆಗೆ ಮಾವಿನ ತೋರಣ, ಊರಲ್ಲಿ ದಾಖಲಾತಿ ಆಂದೋಲನದ ಜಾಥಾ. ಅದೇ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಕಾನ್ವೆಂಟಿನ ಹಳದಿ ವ್ಯಾನು ಹಾರನ್ ಹಾಕುತ್ತದೆ. ಯಾವುದು ಗೆಲ್ಲುತ್ತದೆಂದು ದಿನಾ ಬಸ್ಸು ಕಾಯುವವರಿಗೆ ಹೇಳಬೇಕಾಗಿಲ್ಲ.

‘ಜನಕ್ಕೆ ಇಂಗ್ಲಿಷ್ ಹುಚ್ಚು, ನಾವೇನು ಮಾಡೋಣ?’ ಎಂದು ಅಧಿಕಾರಿಗಳು ಕೈ ತೊಳೆದುಕೊಳ್ಳುತ್ತಾರೆ. ಹುಚ್ಚು ಇರೋದು ನಿಜವೇ. ಆದರೆ ಪುಕ್ಕಟೆ ಪುಸ್ತಕ, ಬಟ್ಟೆ, ಬಿಸಿಯೂಟ, 2013ರಿಂದ ಕೊಡುವ ಹಾಲು ಎಲ್ಲ ಬಿಟ್ಟು ಕೂಲಿಯವನು ಸಾಲ ಮಾಡಿ ವ್ಯಾನಿಗೆ ದುಡ್ಡು ಕಟ್ಟುತ್ತಾನೆಂದರೆ ಅದು ಬರೀ ಹುಚ್ಚಲ್ಲ. ಅವನಿಗೆ ಬೇಕಾದ್ದು ತರಗತಿಗೊಬ್ಬ ಮೇಷ್ಟ್ರು.

ಲೆಕ್ಕ ನೋಡಿ. 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯಂತೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ತರಗತಿ ಮಾತ್ರ ಐದು! ಒಂದರಿಂದ ಮೂರರವರೆಗೆ ನಲಿ-ಕಲಿ ಎಂದು ಒಂದೇ ಕೋಣೆ. ಪದ್ಧತಿ ಕೆಟ್ಟದ್ದಲ್ಲ, ಮೇಷ್ಟ್ರು ದಿನವಿಡೀ ಅಲ್ಲೇ ಇದ್ದರೆ. ಆದರೆ ಇಬ್ಬರಲ್ಲಿ ಒಬ್ಬರು ಹೆಡ್‌ಮೇಷ್ಟ್ರು. ಮೊಟ್ಟೆ ಲೆಕ್ಕ, ಗ್ಯಾಸ್ ಸಿಲಿಂಡರ್, ಬಿ.ಇ.ಓ. ಆಫೀಸಿನ ಮೀಟಿಂಗು, ಕಂಪ್ಯೂಟರಿಗೆ ಮಕ್ಕಳ ವಿವರ ತುಂಬೋದು, ಎಲ್ಲ ಅವರ ತಲೆಗೆ. ಇನ್ನೊಬ್ಬರು ರಜೆ ಹಾಕಿದರೆ ಅಂದು ನಡೆಯೋದು ಪಾಠವಲ್ಲ, ಕಾವಲು.

ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯಿದೆಯ 27ನೇ ಕಲಂ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಮೇಷ್ಟ್ರುಗಳೇ. ಸರ್ಕಾರಿ ಶಾಲೆಯ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಸಮೀಕ್ಷೆ ಬೇಡವೆಂದು ಯಾರೂ ಅನ್ನುವುದಿಲ್ಲ. ಅದಕ್ಕೆ ಪಾಠ ಕಳಕೊಂಡವರು ಬಡವರ ಮಕ್ಕಳು ಅನ್ನೋದೇ ದೂರು.

ಇನ್ನೊಂದು ತಮಾಷೆ ಕೇಳಿ. 61 ಮಕ್ಕಳಿದ್ದರೆ ಮೂವರು ಮೇಷ್ಟ್ರು. ಇಬ್ಬರು ಮಕ್ಕಳು ವ್ಯಾನು ಹತ್ತಿದರೋ, ಮೂರನೆಯವರು ‘ಹೆಚ್ಚುವರಿ’ ಎಂದು ಬೇರೆ ಊರಿಗೆ! ಮೇಷ್ಟ್ರು ಹೋದರೆಂದು ಮತ್ತಷ್ಟು ಟಿ.ಸಿ. ಕೊನೆಗೆ ‘ಮಕ್ಕಳೇ ಇಲ್ಲ’ ಎಂದು ಬಾಗಿಲಿಗೆ ಬೀಗ. ಕಪಾಟಿನಲ್ಲಿ ಮಾಲೇ ಇಡದೆ, ಗಿರಾಕಿ ಬರಲಿಲ್ಲವೆಂದು ಅಂಗಡಿ ಮುಚ್ಚುವ ವ್ಯಾಪಾರ ಇದು. ಯಾವ ಶೆಟ್ಟರು ಹೀಗೆ ಮಾಡಿ ಬದುಕಿದ್ದಾರೆ?

ಬೀಗ ಬಿದ್ದರೆ ಉಳ್ಳವನಿಗೆ ನಷ್ಟವಿಲ್ಲ, ಅವನ ಮಗ ಆಗಲೇ ವ್ಯಾನಿನಲ್ಲಿದ್ದಾನೆ. ಪಕ್ಕದೂರಿಗೆ ಮಗಳನ್ನು ಒಂಟಿಯಾಗಿ ಕಳಿಸಲು ಹೆದರುವ ತಾಯಿ ಏನು ಮಾಡಬೇಕು? ಆ ಹುಡುಗಿ ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿಯುತ್ತಾಳೆ.

ಸರ್ಕಾರಕ್ಕೆ ಮನಸ್ಸಿದ್ದರೆ ದಾರಿ ಕಷ್ಟವಲ್ಲ. ತಲೆ ಎಣಿಸಿ ಮೇಷ್ಟ್ರನ್ನು ಕಿತ್ತುಕೊಳ್ಳೋದನ್ನು ಮೂರು ವರ್ಷ ನಿಲ್ಲಿಸಲಿ. ಲೆಕ್ಕ ಬರೆಯಲು ನಾಲ್ಕಾರು ಶಾಲೆಗೊಬ್ಬ ಗುಮಾಸ್ತನನ್ನು ಕೊಡಲಿ. ಎಸ್.ಡಿ.ಎಂ.ಸಿ. ಸದಸ್ಯರೂ ಬರೀ ಆಗಸ್ಟ್ 15ರ ಲಾಡು ಹಂಚೋದಕ್ಕಲ್ಲ. ಮೇಷ್ಟ್ರು ಎಲ್ಲಿ ಎಂದು ಬಿ.ಇ.ಓ. ಸಾಹೇಬರನ್ನು ಬರಹದಲ್ಲೇ ಕೇಳಲಿ. ಮೇಷ್ಟ್ರು ಬರಲಿ, ಮಕ್ಕಳು ತಾವೇ ಬರುತ್ತಾರೆ.