ಗೋಲಿ ಆಟದ ನ್ಯಾಯ

ಮೊನ್ನೆ ಭಾನುವಾರ ಸಂಜೆ, ಇಲ್ಲಿ ಬಲಸಮುದ್ರದಲ್ಲಿ, ನಮ್ಮ ಮನೆಯೆದುರಿನ ಹೊಂಗೆಮರದ ಕೆಳಗೆ ದೊಡ್ಡ ಜಗಳ. ಆರೇಳು ವರ್ಷದ ಐದಾರು ಮಕ್ಕಳು. ಮರದ ಬೇರಿಗೆ ಬಡಿದು ಗೋಲಿ ದಿಕ್ಕು ತಪ್ಪಿದರೆ ಇನ್ನೊಂದು ಸಲ ಹೊಡೆಯಬಹುದೋ ಬಾರದೋ ಎಂಬುದೇ ವ್ಯಾಜ್ಯ. ಮೇಷ್ಟರ ಬುದ್ಧಿ, ತೀರ್ಪು ಹೇಳಲು ಎದ್ದೇಬಿಟ್ಟೆ. ಅಷ್ಟರಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಹುಡುಗಿ, ‘ಸಣ್ಣೋರಿಗೆ ಇನ್ನೊಂದು ಸಲ, ದೊಡ್ಡೋರಿಗೆ ಇಲ್ಲ’ ಎಂದಳು. ಒಬ್ಬ ಗೊಣಗಿದ. ಆದರೂ ಆಟ ಮುಂದುವರಿಯಿತು. ನಾನು ಸದ್ದಿಲ್ಲದೆ ಕುರ್ಚಿಗೆ ಮರಳಿದೆ.

ಬಿ.ಎಡ್. ಓದುವಾಗ ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆಯ ಹೆಸರನ್ನು ಪರೀಕ್ಷೆಗೆಂದು ಉರು ಹೊಡೆದಿದ್ದೆ. ಮಕ್ಕಳ ನೀತಿಪ್ರಜ್ಞೆಯನ್ನು ಕುರಿತ ಅವನ ಪುಸ್ತಕ 1932ರಲ್ಲಿ ಬಂತು. ಅದು ಶುರುವಾಗುವುದು ಗೋಲಿಯಾಟದಿಂದಲೇ! ಈ ನಿಯಮ ಮಾಡಿದವರು ಯಾರು, ಅದನ್ನು ಬದಲಾಯಿಸಬಹುದೇ ಎಂದು ಅವನು ಮಕ್ಕಳನ್ನೇ ಕೇಳಿದ. ತೀರ ಚಿಕ್ಕವರಿಗೆ ನಿಯಮವೆಂದರೆ ಹಿರಿಯರು ಕೊಟ್ಟದ್ದು, ಮುಟ್ಟಬಾರದ್ದು. ದೊಡ್ಡವರಾಗುತ್ತ, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದೆಂಬ ಅರಿವು ಮೂಡುತ್ತದೆ. ಅದು ಮೂಡುವುದು ಓರಗೆಯವರೊಡನೆ ಆಡಿ, ಜಗಳಾಡಿ, ರಾಜಿಯಾದಾಗ. ನಮ್ಮ ಈ ಪುಟ್ಟಿ ಪಿಯಾಜೆಯ ಲೆಕ್ಕಕ್ಕಿಂತ ಕೊಂಚ ಮುಂದಿದ್ದಳೆನ್ನಿ. ಬೇಸಿಗೆ ಶಿಬಿರಗಳಲ್ಲಿ ಸೀಟಿ ಊದುವವರು ಇರುತ್ತಾರೆ. ಅಲ್ಲಿ ಇಂಥ ತೀರ್ಪು ಕೊಡುವ ಅಗತ್ಯವೇ ಮಗುವಿಗೆ ಬೀಳುವುದಿಲ್ಲ.

ಇದನ್ನು ಬರೆಯುವ ನಾನೇನೂ ಸಾಚಾ ಅಲ್ಲ. ಪಾಠ ಮುಗಿಸಬೇಕೆಂಬ ಆತುರದಲ್ಲಿ ಎಷ್ಟೋ ವರ್ಷ ಆಟದ ಪೀರಿಯಡ್ಡನ್ನು ಕೇಳಿ ಪಡೆದು ಬೆಳಕಿನ ವಕ್ರೀಭವನ ಬೋಧಿಸಿದ್ದೇನೆ. ಕಿಟಕಿಯಾಚೆ ನೋಡುತ್ತಿದ್ದವರನ್ನು ಗದರಿದ್ದೇನೆ. ಆಟ ಮಗುವಿನ ಹಕ್ಕೆಂದು ಸಾರುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿತ್ತು. ಅದರ 31ನೇ ವಿಧಿಯನ್ನು ನಾನು ಓದಿದ್ದು ಬಹಳ ತಡವಾಗಿ.

ವಕ್ರೀಭವನದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷ ಕಳೆಯುವಷ್ಟರಲ್ಲಿ ಉಳಿದ ಶಾಲೆಗಳಲ್ಲಿ ಶೇ. 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಹೊರಗೆ ಬಿಟ್ಟಲ್ಲಿ ಶೇ. 30.4. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಹೊರಗಿನ ಪ್ರಖರ ಬೆಳಕು ಕಣ್ಣುಗುಡ್ಡೆ ಅತಿಯಾಗಿ ಉದ್ದ ಬೆಳೆಯದಂತೆ ತಡೆಯುತ್ತದೆಂದು ವಿಜ್ಞಾನಿಗಳ ಊಹೆ. ಹಾಗೆಂದು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮಕ್ಕಳನ್ನು ನಿಲ್ಲಿಸಬೇಕಾಗಿಲ್ಲ. ಮರದ ನೆರಳಿನಲ್ಲೂ ಮನೆಯೊಳಗಿಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ.

‘ಮೇಷ್ಟ್ರೇ, ನೀವೇನೋ ಹೇಳ್ತೀರಿ. ಹೊಲದಾಗೆ ಹೊಂಡ ಐತೆ, ಹಾವು ಐತೆ’ ಎಂದರು ಪಕ್ಕದ ಮನೆಯ ತಾಯಿ. ಅವರ ಭಯ ಸುಳ್ಳಲ್ಲ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಮಧುಗಿರಿ, ಶಿರಾ, ಪಾವಗಡದಂಥ ಮಳೆ ಕಡಿಮೆಯ ಸೀಮೆಯಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ರೈತನಿಗೆ ಅವು ಆಸರೆ, ನಿಜ. ಆದರೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಬಿದ್ದ ಮಗುವಿಗೆ ಹಿಡಿದು ಹತ್ತಲು ಏನೂ ಸಿಗದು. ಈಜು ಬಲ್ಲವರಿಗೂ ಕಷ್ಟ. ಮಗುವನ್ನು ಮೊಬೈಲ್ ಕೊಟ್ಟು ಒಳಗೆ ಕೂರಿಸುವ ಮೊದಲು ಹೊಂಡದ ಸುತ್ತ ತಂತಿಬೇಲಿ ಹಾಕಿಸಬೇಕು, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಬೇಕು. ಇದನ್ನು ಗ್ರಾಮಸಭೆಯಲ್ಲಿ ತಂದೆತಾಯಿಯರೇ ಕೇಳಬೇಕು.

ಆ ತಾಯಿಗೆ ಒಂದು ಮಾತು ಕೊಟ್ಟಿದ್ದೇನೆ. ಸಂಜೆ ಐದರಿಂದ ಆರೂವರೆವರೆಗೆ ಜಗಲಿಯ ಮೇಲೆ ನಾನಿರುತ್ತೇನೆ, ಮಕ್ಕಳು ಹೊಂಗೆಮರ ದಾಟಿ ಹೋಗದಂತೆ ನೋಡಿಕೊಳ್ಳುತ್ತೇನೆ, ಜಗಳಕ್ಕೆ ಮಾತ್ರ ಬಾಯಿ ಹಾಕುವುದಿಲ್ಲ ಎಂದು. ನಿನ್ನೆ ಅವರ ಮಗನೂ ಬಂದಿದ್ದ. ಮೊದಲ ದಿನವೇ ಮೂರು ಗೋಲಿ ಸೋತು, ನನ್ನ ಕಡೆ ನೋಡಿದ. ನಾನು ಪತ್ರಿಕೆ ಓದುತ್ತಿದ್ದೆ.